ಹಳ್ಳ ಉಳಿಸಲು ಊರು ಕೂಡಿಸಿದವರು ಅನುಭವ ಹೇಳಿ

ಶಿವಗಂಗೆ ತಪ್ಪಲಿನವನು
ಕುಮುದ್ವತಿಗೆ ಸೇರುವ ಒಂದು ಹಳ್ಳದ ದಂಡೆಯಲ್ಲಿ ನಮ್ಮೂರಿದೆ. ಮಳೆ ಬಂದರೆ ಎರಡು ದಿನ ಹರಿಯುತ್ತದೆ, ಆಮೇಲೆ ಒಣಗುತ್ತದೆ. ಮೂರು ಊರಿನ 40 ಮನೆಯವರು ಸೇರಿ 2.6 ಲಕ್ಷ ಕೂಡಿಸಿದ್ದೇವೆ. ಚೆಕ್ ಡ್ಯಾಂ ಕಟ್ಟೋದಾ, ಕೆರೆ ಹೂಳು ತೆಗೆಸೋದಾ, ಇಂಗುಗುಂಡಿ ತೋಡೋದಾ? ಮಾಡಿ ನೋಡಿದವರು ಹೇಳಿ.

ಕಾಸರಗೋಡಿನ ಅಡಿಕೆ ತೋಟದವನು
ನಮ್ಮಲ್ಲಿ ವರ್ಷ ವರ್ಷ ಕಟ್ಟ, ಅಂದರೆ ತಾತ್ಕಾಲಿಕ ಒಡ್ಡು, ಹಾಕುತ್ತೇವೆ. ಡಿಸೆಂಬರಿನಲ್ಲಿ ತೋಡಿನ (ಹಳ್ಳದ) ಹರಿವು ತಗ್ಗಿದ ಮೇಲೆ ಎರಡು ಸಾಲು ಕಲ್ಲಿಟ್ಟು, ನಡುವೆ ಮಣ್ಣು ತುಂಬಿ ತುಳಿಯುವುದು. ನಮ್ಮಜ್ಜನ ಕಾಲದಲ್ಲಿ ಇದ್ದದ್ದು ನಡುವೆ ನಿಂತೇ ಹೋಗಿತ್ತು. ಎಲ್ಲರೂ ಬೋರ್‌ವೆಲ್ ಹಾಕಿಸಿಕೊಂಡರು, ತೋಡು ಯಾರಿಗೂ ಬೇಡವಾಯಿತು. 2016ರಲ್ಲಿ ಒಂಬತ್ತು ಮನೆಯವರು ಮತ್ತೆ ಶುರು ಮಾಡಿದೆವು. ಹನ್ನೊಂದು ದಿನ ಕೆಲಸ, ಕೂಲಿ 31,400, ಮಣ್ಣು ತಂದ ಪಿಕಪ್ಪಿಗೆ 6,800. ಹದಿನೈದನೇ ದಿನಕ್ಕೆ ಸೋರತೊಡಗಿತು. ಕೆಳಗೆ ಕೂತು ನೋಡಿದರೆ ಹೆಬ್ಬೆರಳು ಹೋಗುವಷ್ಟು ತೂತು, ಒಳಗಿಂದ ಏಡಿ ಕೊಂಬು ಆಡಿಸುತ್ತಿತ್ತು. ಒಂದಲ್ಲ, ಏಳು ತೂತು. ಮರುವರ್ಷ ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ ಹಾಕಿದೆವು, 9,200 ರೂಪಾಯಿ. ಹಾಳೆಯ ಬುಡ ಮಣ್ಣಿನಲ್ಲಿ ಒಂದು ಮೊಳ ಹೂಳಲೇಬೇಕು. ಈಗ ಮಾರ್ಚ್ ಕೊನೆವರೆಗೂ ಬಾವಿಯಲ್ಲಿ ನೀರಿರುತ್ತದೆ. ಕಟ್ಟ ಹಾಕಿ, ಕಾಂಕ್ರೀಟಿಗೆ ದುಡ್ಡು ಸುರಿಯಬೇಡಿ.

ನೀಲಗಿರಿ ಕಿತ್ತವಳು
ಅಲ್ಲ ಸ್ವಾಮಿ, ನಿಮ್ಮಲ್ಲಿ 3,500 ಮಿಲಿಮೀಟರ್ ಮಳೆ. ನಮ್ಮ ನೆಲಮಂಗಲದ ಕಡೆ 800 ಬಂದರೆ ಒಳ್ಳೆ ವರ್ಷ. ಡಿಸೆಂಬರಿನಲ್ಲಿ ನಮ್ಮ ಹಳ್ಳದಲ್ಲಿ ತಡೆಯೋಕೆ ನೀರು ಎಲ್ಲಿದೆ?

ನೆಲದ ನೀರು ಹೀರುತ್ತದೆ ಅಂತ ನಾನು ಮೂರು ಎಕರೆ ನೀಲಗಿರಿ ಮರ ಕೀಳಿಸಿದೆ. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಅಂತ ಹೇಳಿತು, ಆದರೆ ಹಳೇದನ್ನು ಕೀಳೋಕೆ ಯಾರು ಬರುತ್ತಾರೆ? ಕಡಿದರೆ ಸಾಲದು, ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ. ಮೊದಲ ಸಲ ಬರೀ ಕಡಿಸಿ ಮೋಸಹೋದೆ, ಎಂಟು ತಿಂಗಳಿಗೆ ಆಳುದ್ದ ಬೆಳೆದು ನಿಂತಿತು. ಆಮೇಲೆ ಜೆಸಿಬಿ ತರಿಸಿದೆ. ಗಂಟೆಗೆ 1,000ದಂತೆ 46 ಗಂಟೆ. ಮರ ಮಾರಿದ ದುಡ್ಡೆಲ್ಲ ಅದಕ್ಕೇ ಹೋಯಿತು. ಎರಡು ವರ್ಷ ರಾಗಿಯೂ ಸರಿಯಾಗಿ ಬರಲಿಲ್ಲ. ಮನೆಯವರು ಒಂದು ತಿಂಗಳು ಮಾತು ಬಿಟ್ಟಿದ್ದರು. ಮೂರನೇ ವರ್ಷ ಹೊಲದ ಮೂಲೆಯ ಹಾಳುಬಾವಿಯಲ್ಲಿ ಕೊಡ ಮುಳುಗುವಷ್ಟು ನೀರು ಬಂತು. ನನ್ನ ಮಗಳು ಅಲ್ಲಿ ನೀರು ನೋಡಿದ್ದು ಅದೇ ಮೊದಲು.

ಮೇಲೆ ನೀಲಗಿರಿ ನಿಲ್ಲಿಸಿಕೊಂಡು ಕೆಳಗೆ ಚೆಕ್ ಡ್ಯಾಂ ಕಟ್ಟಿದರೆ ಸುಮ್ನೆ ದುಡ್ಡು ದಂಡ.

ಕೋಲಾರದ ಕೆರೆ ಅಚ್ಚುಕಟ್ಟಿನವನು
ದುಡ್ಡು ದಂಡ ಅಂದ್ರೆ ನಮ್ಮದು ಕೇಳಿ. ಊರವರೆಲ್ಲ ಸೇರಿ ಕೆರೆ ಹೂಳು ತೆಗೆಸಿದೆವು. 640 ಟ್ರ್ಯಾಕ್ಟರ್ ಲೋಡು. ಹೂಳು ಹೊಲಕ್ಕೆ ಒಯ್ದವರು ಲೋಡಿಗೆ 150 ಕೊಡಬೇಕಿತ್ತು, ಅರ್ಧದಷ್ಟು ಜನ ಇವತ್ತಿಗೂ ಕೊಟ್ಟಿಲ್ಲ. ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇದೆ. ಮಳೆ ಬಂತು, ಕೆರೆಗೆ ಮೊಣಕಾಲುದ್ದವೂ ನೀರಿಲ್ಲ. ಹೋಗಿ ನೋಡಿದರೆ ಕೆರೆಗೆ ನೀರು ತರುವ ಪೋಷಕ ಕಾಲುವೆ ಮೇಲೆ ಲೇಔಟಿನ ರಸ್ತೆ. ಹೂಳು ಎತ್ತುವ ಮೊದಲು ಕಾಲುವೆ ಉದ್ದಕ್ಕೂ ನಡೆದಿದ್ದರೆ ಸಾಕಿತ್ತು, ಯಾರೂ ನಡೆಯಲಿಲ್ಲ. ಹಿಂದೆ ಕೆರೆ ನೀರು ನೋಡಿಕೊಳ್ಳುವ ನೀರುಗಂಟಿ ಆ ಕೆಲಸ ಮಾಡುತ್ತಿದ್ದ.

ಕೊನೆಗೆ ನಮ್ಮ ಕೆರೆ ತುಂಬಿದ್ದು ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರಿನಿಂದ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದ ನೀರು ಆಮೇಲೆ ನಮ್ಮಲ್ಲಿಗೂ ಬಂತು. ಈಗ ಬೋರ್‌ಗಳಲ್ಲಿ ನೀರಿದೆ.

ಟೊಮೆಟೊ ಬೆಳೆಗಾರ
ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಬಿಟ್ಟಿದ್ದನ್ನು ಕೆರೆ ತುಂಬಿತು ಅಂತೀರಾ? ಮೂರನೇ ಹಂತ ಬೇಕು ಅಂತ ನಾವು ಬಿಸಿಲಲ್ಲಿ ಧರಣಿ ಕೂತಿದ್ದೆವು. ನೀವು ಆಗ ಎಲ್ಲಿದ್ದಿರಿ?

ಕೋಲಾರದ ಕೆರೆ ಅಚ್ಚುಕಟ್ಟಿನವನು
ಬೋರ್ ಕೊರೆಸಿ ಸಾಲಗಾರನಾಗಿದ್ದೆ. 1,350 ಅಡಿ ಹೋದರೂ ಬರೀ ದೂಳು, ಅಂಥವು ಎರಡು. ಮೂರನೇ ಹಂತ ಬೇಡ ಅಂತ ನಾನು ಹೇಳಿಲ್ಲ. ಬೇಕೇ ಬೇಕು. ಆದರೆ ಆ ನೀರೂ ಬರದಿದ್ದರೆ ನಾನು ಊರು ಬಿಡುತ್ತಿದ್ದೆ.

ಟೊಮೆಟೊ ಬೆಳೆಗಾರ
ಊರು ಬಿಡುವ ಕಷ್ಟ ನಿಮಗೊಬ್ಬರಿಗೇ ಅಲ್ಲ. ನಮ್ಮ ಬಾವಿ ನೀರು ಕುಡಿಯೋಕೆ ಹೆದರಿ ಕ್ಯಾನ್ ತರಿಸುತ್ತೇವೆ, ತಿಂಗಳಿಗೆ 900.

ಕಾಸರಗೋಡಿನ ಅಡಿಕೆ ತೋಟದವನು
ನೀಲಗಿರಿ ಅಕ್ಕನಿಗೆ: ಮಳೆ ಜಾಸ್ತಿ ಅಂತ ನಮಗೆ ಸುಲಭ ಅಂದುಕೊಳ್ಳಬೇಡಿ. 3,500 ಸುರಿದರೂ ಏಪ್ರಿಲಿನಲ್ಲಿ ಟ್ಯಾಂಕರ್ ಬರುವ ಊರುಗಳು ನಮ್ಮಲ್ಲಿವೆ. ಒಂಬತ್ತು ಮನೆಯಲ್ಲಿ ಈಗ ಆರೇ ಉಳಿದಿವೆ. ಒಬ್ಬರು ಮಗನ ಮದುವೆ, ಒಬ್ಬರು ಬೆನ್ನು ನೋವು ಅಂದರು, ಇನ್ನೊಬ್ಬರು ಕೆಳಗಿನ ತೋಟಕ್ಕೇ ಲಾಭ ಅಂತ ಬಿಟ್ಟರು. ಕಲ್ಲು ಹೊರುವುದಕ್ಕಿಂತ ಎಲ್ಲರನ್ನೂ ಜೊತೆಗೆ ಉಳಿಸಿಕೊಳ್ಳುವುದು ಕಷ್ಟ.

ನೀಲಗಿರಿ ಕಿತ್ತವಳು
ಅದು ನಿಜ, ಒಪ್ಪುತ್ತೇನೆ. ನನ್ನ ಹೊಲದ ಮೇಲ್ಗಡೆ ಭಾವನವರ ಎರಡು ಎಕರೆ ನೀಲಗಿರಿ ಇನ್ನೂ ಇದೆ. ಬೇರು ಬದು ದಾಟಿ ನನ್ನ ಬಾವಿಯ ಗೋಡೆಗೇ ಬಂದಿದೆ, ಬಿಳಿ ನೂಲಿನ ಹಾಗೆ ಇಳಿಬಿದ್ದಿದೆ. ಹಬ್ಬಕ್ಕೆ ಕರೆದಾಗಲೆಲ್ಲ ಕೇಳುತ್ತೇನೆ. ಮಗಳ ಫೀಸು ಯಾರು ಕಟ್ಟುತ್ತಾರೆ ಅಂತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಶಿವಗಂಗೆ ತಪ್ಪಲಿನವನು
ಎಲ್ಲರಿಗೂ ವಂದನೆ. ನಮ್ಮ ಹಳ್ಳದ ಮೇಲ್ಗಡೆ ಸುಮಾರು ಹದಿನಾಲ್ಕು ತುಂಡು ನೀಲಗಿರಿ ಇದೆ, ಅದರಲ್ಲಿ ಐದು ನಮ್ಮ ಗುಂಪಿನವರದ್ದೇ. ಭಾನುವಾರ ಎಲ್ಲರೂ ಸೇರಿದಾಗ ದುಡ್ಡಿನ ಮಾತು ಎತ್ತುವುದಿಲ್ಲ. ಬೆಟ್ಟದ ಬುಡದಿಂದ ಹಳ್ಳದವರೆಗೆ ಎಲ್ಲರೂ ನಡೆಯುತ್ತೇವೆ. ಅಕ್ಕಾ, ಬೊಡ್ಡೆ ಕಿತ್ತ ಜೆಸಿಬಿಯವರು ಹಲ್ಲಿನ ಬಕೆಟ್ ತಂದಿದ್ದರಾ, ಬರೀ ಬಕೆಟ್ಟಾ?

ನೀಲಗಿರಿ ಕಿತ್ತವಳು
ಹಲ್ಲಿನದು. ಮಳೆ ಬಿದ್ದ ಮಾರನೇ ವಾರ ಕೀಳಿಸಿ, ಮಣ್ಣು ಸಡಿಲ ಇರುತ್ತದೆ. ನಾನು ಏಪ್ರಿಲಿನಲ್ಲಿ ಮಾಡಿಸಿ ಹತ್ತು ಗಂಟೆ ಜಾಸ್ತಿ ದುಡ್ಡು ಕೊಟ್ಟೆ.