ಒಂದೇ ಟ್ರ್ಯಾಕು, ಎರಡು ಪಂಕ್ತಿ

ಭಾನುವಾರ ಸಂಜೆ ಸೀನನ ಮನೆಯಲ್ಲಿ ಫಾರ್ಮುಲಾ ಒನ್ ರೇಸ್ ನೋಡಿದೆವು. ನೋಡಿದೆವು ಅನ್ನುವುದಕ್ಕಿಂತ ಮುಗಿಯಲಿ ಅಂತ ಕಾದೆವು ಅನ್ನಬೇಕು. ಮೊದಲ ತಿರುವಿನಲ್ಲಿ ಮುಂದಿದ್ದವನೇ ಕೊನೆಗೂ ಮುಂದಿದ್ದ. ನಡುವೆ ನಡೆದ ದೊಡ್ಡ ಘಟನೆ ಅಂದರೆ ಜಗದೀಶ ಊರಿನಿಂದ ತಂದ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆದದ್ದು.

"ಇದೇನು ರೇಸೋ, ರಥೋತ್ಸವವೋ?" ಅಂದ ಸೀನ. "ರಥವಾದರೂ ನಡುನಡುವೆ ಅತ್ತಿತ್ತ ವಾಲುತ್ತದೆ. ನನ್ನ ಕೈಗೆ ಕೊಡಲಿ, ಒಂದೇ ದಿನದಲ್ಲಿ ಸರಿ ಮಾಡುತ್ತೇನೆ."

ಸೀನ ಒಂದೇ ದಿನದಲ್ಲಿ ಸರಿ ಮಾಡಲಾಗದ ವಿಷಯ ಈ ಪ್ರಪಂಚದಲ್ಲಿ ಇಲ್ಲ. ಅವನ ಮನೆಯ ನಲ್ಲಿ ಮಾತ್ರ ಎರಡು ವರ್ಷದಿಂದ ಸೋರುತ್ತಿದೆ.

"ಒಂದು ದರ್ಜೆ ಕೆಳಗಿನ ಫಾರ್ಮುಲಾ ಟೂ ಗಾಡಿಗಳನ್ನು ಬೇರೆಯಾಗಿ ಓಡಿಸುವುದು ಯಾಕೆ? ಎರಡನ್ನೂ ಒಟ್ಟಿಗೆ ಬಿಡಬೇಕು. ಒಂದೇ ಟ್ರ್ಯಾಕು, ಒಂದೇ ರೇಸು. ಆಮೇಲೆ ನೋಡು ಮಜಾ."

"ಅದಕ್ಕೆ ಹೊಸೂರು ರಸ್ತೆಯಲ್ಲಿ ಹೋಗಿ ನಿಂತರೆ ಆಯಿತು" ಅಂದಳು ವಿಮಲಾ. ಸೀನನ ಹೆಂಡತಿ. ಆಡಿಟ್ ಕೆಲಸ. ಈ ಜೋಕು ಯಾರಾದರೂ ಮಾಡೇ ಮಾಡುತ್ತಾರೆ ಅಂತ ನನಗೆ ಗೊತ್ತಿತ್ತು. ಬೇಗ ಮುಗಿಯಿತಲ್ಲ ಅಂತ ಸಮಾಧಾನವಾಯಿತು.

"ಸೀನ, ಇದು ಹಳೇ ಐಡಿಯಾ ಕಣೋ" ಅಂದೆ ನಾನು. "ಜರ್ಮನಿಯವರು ಮಾಡಿ ನೋಡಿದ್ದಾರೆ. 1957, 58ರಲ್ಲಿ. ಆಮೇಲೆ 1966, 67, 69ರಲ್ಲಿ. ಎಲ್ಲವೂ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ."

"ಅವರಿಗೂ ನಮ್ಮ ಹಾಗೆ ಬೇಜಾರಾಗಿತ್ತಾ?"

"ಟ್ರ್ಯಾಕು ಉದ್ದ. ಬೆಟ್ಟ, ಕಾಡು, 170ಕ್ಕೂ ಜಾಸ್ತಿ ತಿರುವು. ಒಂದು ಸುತ್ತಿಗೆ 22.8 ಕಿಲೋಮೀಟರ್, ಎಂಟು ನಿಮಿಷದ ಮೇಲೆ. 1967ರಲ್ಲಿ ಫಾರ್ಮುಲಾ ಒನ್ ಗಾಡಿ ಇಪ್ಪತ್ತೂ ಇರಲಿಲ್ಲ. ಅವೆಲ್ಲ ಒಮ್ಮೆ ಮುಂದೆ ಹೋದವು ಅಂದರೆ, ಬೇಲಿ ಪಕ್ಕ ನಿಂತವನು ಮುಂದಿನ ಎಂಟು ನಿಮಿಷ ಏನು ಮಾಡಬೇಕು?"

"ಪಕ್ಕದವನ ಮಗಳ ಮದುವೆ ಮಾತುಕತೆ ಮುಗಿಸಬಹುದು ಮಾರಾಯ" ಅಂದ ಜಗದೀಶ.

"ಅದಕ್ಕೇ ಚಿಕ್ಕ ಗಾಡಿಗಳನ್ನೂ ಕರೆದರು. ದೊಡ್ಡ ಛತ್ರ ಹಿಡಿದುಬಿಟ್ಟು, ಜನ ಸಾಲದು ಅಂತ ಬೀದಿಯವರನ್ನೆಲ್ಲ ಊಟಕ್ಕೆ ಕರೆದ ಹಾಗೆ."

ಕರೆಯುವಾಗ ಯಾರೂ ಯೋಚನೆ ಮಾಡುವುದಿಲ್ಲ. ಬೀದಿಯವರಲ್ಲಿ ಒಬ್ಬ ಚೆನ್ನಾಗಿ ಉಣ್ಣುವವನೂ ಇರಬಹುದು. 1967ರಲ್ಲಿ ಹಾಗೆ ಬಂದವನು ಬೆಲ್ಜಿಯಂನ ಜಾಕಿ ಇಕ್ಸ್. ವಯಸ್ಸು 22. ಗಾಡಿ ಮಾತ್ರಾ ಅನ್ನುವ ಕಂಪನಿಯದು, ಎಂಜಿನ್ 1600 ಸಿಸಿ, ಶಕ್ತಿ ಸುಮಾರು 220 ಎಚ್‌ಪಿ. ಮುಂದಿದ್ದ ದೊಡ್ಡವರದು 3000 ಸಿಸಿ, ಒಳ್ಳೆಯದಾದರೆ 400ರ ಹತ್ತಿರ. ಪ್ರಾಕ್ಟೀಸ್‌ನಲ್ಲಿ ಜಿಮ್ ಕ್ಲಾರ್ಕ್ ಮೊದಲು, 8 ನಿಮಿಷ 4.1 ಸೆಕೆಂಡ್. ಡೆನ್ನಿ ಹಲ್ಮ್ ಎರಡನೆಯವನು. ಮೂರನೆಯ ಟೈಮು ಈ ಹುಡುಗನದು, 8 ನಿಮಿಷ 14 ಸೆಕೆಂಡ್!

"ಅರ್ಧ ಎಂಜಿನ್ ಇಟ್ಟುಕೊಂಡು ಅದು ಹೇಗೆ?" ಅಂದಳು ವಿಮಲಾ.

"ಗಾಡಿ ಹಗುರ. ಟ್ರ್ಯಾಕು ಪೂರ್ತಿ ತಿರುವು. ಹುಡುಗನಿಗೆ ಅದರ ಒಂದೊಂದು ಮೂಲೆಯೂ ಗೊತ್ತು. ಶಿರಾಡಿ ಘಾಟಿಯಲ್ಲಿ ಬೈಕಿನವನು ವೋಲ್ವೋ ಬಸ್ಸನ್ನು ತಿರುವಿನಲ್ಲಿ ಹಿಂದೆ ಹಾಕುವುದಿಲ್ಲವಾ?"

"ಹಾಕುತ್ತಾನೆ. ಆಮೇಲೆ ನೆಟ್ಟಗಿನ ರಸ್ತೆ ಬಂದಾಗ ಬಸ್ಸಿನವನು ಹಾರ್ನ್ ಹೊಡೆದು ಸೇಡು ತೀರಿಸುತ್ತಾನೆ" ಅಂದ ಜಗದೀಶ. ಅವನು ತಿಂಗಳಿಗೆರಡು ಸಲ ಆ ದಾರಿಯಲ್ಲಿ ಓಡಾಡುವವನು. ಮಾತಿನಲ್ಲಿ ನೋವಿತ್ತು.

"ಹಾಗಾದರೆ ಮೂರನೇ ಜಾಗದಿಂದ ಹೊರಟನಾ?" ಸೀನ ಮುಂದೆ ಬಗ್ಗಿದ.

"ಎಲ್ಲಿಂದ ಬಂತು? ಫಾರ್ಮುಲಾ ಟೂ ಅಲ್ವಾ. ಎಲ್ಲ ದೊಡ್ಡ ಗಾಡಿಗಳ ಹಿಂದೆ ನಿಲ್ಲಿಸಿದರು. ಅವನು ಒಂದೊಂದನ್ನೇ ಹಿಂದೆ ಹಾಕಿಕೊಂಡು ಮೊದಲ ಐದರೊಳಗೆ ಬಂದ. ಮೂರು ನಾಲ್ಕು ಸುತ್ತು ಬಾಕಿ ಇರುವಾಗ ಸಸ್ಪೆನ್ಷನ್ ಮುರಿಯಿತು."

ಸೀನ ಒಂದು ಚಕ್ಕುಲಿಯನ್ನು ಸಿಟ್ಟಿನಿಂದ ಕಡಿದ. ಆದರೆ ನಿಜವಾದ ಕಥೆ ಇಲ್ಲಿಂದಲೇ ಶುರು. ಆ ರೇಸಿನಲ್ಲಿ ಐದನೆಯವನಾಗಿ ಬಂದದ್ದು ಜಾಕಿ ಆಲಿವರ್. ಅವನದೂ ಫಾರ್ಮುಲಾ ಟೂ ಗಾಡಿ. ಆದ್ದರಿಂದ ಚಾಂಪಿಯನ್‌ಶಿಪ್ ಪಾಯಿಂಟ್ ಇಲ್ಲ. ಐದನೇ ಸ್ಥಾನದ ಪಾಯಿಂಟ್ ಆರನೆಯವನಾದ ಬೋನಿಯೇಗೆ ಹೋಯಿತು. ಏಳನೆಯವನೂ ಫಾರ್ಮುಲಾ ಟೂ. ಆರನೇ ಸ್ಥಾನದ ಒಂದು ಪಾಯಿಂಟ್ ಎಂಟನೆಯವನಾಗಿ ಬಂದ ಗೀ ಲಿಜಿಯೇಗೆ. ಮುಂದೆ ತನ್ನ ಹೆಸರಿನಲ್ಲೇ ಫಾರ್ಮುಲಾ ಒನ್ ಟೀಮ್ ಕಟ್ಟಿದ ಮನುಷ್ಯ. ಡ್ರೈವರ್ ಆಗಿ ಅವನ ಜೀವಮಾನದ ಸಂಪಾದನೆ ಅದೊಂದೇ ಪಾಯಿಂಟು.

ವಿಮಲಾ ಕಾಫಿ ಲೋಟ ಕೆಳಗಿಟ್ಟಳು. "ಎಂಟನೆಯವನಾಗಿ ಬಂದು ಆರನೇ ಸ್ಥಾನ. ಇದನ್ನು ಯಾವ ಆಡಿಟರ್ ಪಾಸ್ ಮಾಡಿದ?"

"ತಾಳು, ಇನ್ನೂ ಇದೆ. 1969. ಅಷ್ಟರಲ್ಲಿ ಇಕ್ಸ್‌ಗೆ ದೊಡ್ಡ ಗಾಡಿ ಸಿಕ್ಕಿತ್ತು, ರೇಸ್ ಅವನೇ ಗೆದ್ದ. ಮೊದಲ ನಾಲ್ಕು ಜನ ಫಾರ್ಮುಲಾ ಒನ್. ಐದರಿಂದ ಹತ್ತರವರೆಗೆ ಎಲ್ಲ ಫಾರ್ಮುಲಾ ಟೂ. ಇರುವುದು 14 ಸುತ್ತು. ಸಿಫರ್ಟ್, ಬೆಲ್ಟ್ವಾಸ್ ಅಂತ ಇಬ್ಬರು 12 ಸುತ್ತು ಮುಗಿಸಿ ನಿಂತುಬಿಟ್ಟಿದ್ದರು. ಒಬ್ಬನದು ಆಕ್ಸಿಡೆಂಟು, ಇನ್ನೊಬ್ಬನದು ಸಸ್ಪೆನ್ಷನ್. ಪಟ್ಟಿಯಲ್ಲಿ ಹನ್ನೊಂದು, ಹನ್ನೆರಡು. ಐದು ಮತ್ತು ಆರನೇ ಸ್ಥಾನದ ಪಾಯಿಂಟ್ ಅವರಿಗೇ ಕೊಟ್ಟರು!"

"ರೇಸ್ ಮುಗಿಸದವರಿಗೆ?"

"ಮುಗಿಸದವರಿಗೆ."

"ಮುಗಿಸಿದ ಆರು ಜನರಿಗೆ?"

"ಚಪ್ಪಾಳೆ."

"ಇದು ಪಂಕ್ತಿಭೇದ" ಅಂದಳು ವಿಮಲಾ. "ಒಂದೇ ಸಾಲಿನಲ್ಲಿ ಕೂರಿಸುವುದು, ಎಲೆಯನ್ನೂ ಹಾಕುವುದು. ಹೋಳಿಗೆ ಬಂದಾಗ ಮಾತ್ರ ಇವರ ಎಲೆ ದಾಟಿ, ಕೈ ತೊಳೆಯಲು ಎದ್ದು ಹೋದವನ ಎಲೆಗೆ ಬಡಿಸುವುದು."

ನನಗೂ ಹಾಗೇ ಅನ್ನಿಸುತ್ತದೆ. ಕೆಲವರು ಇದನ್ನು ನಿಯಮ ಅನ್ನುತ್ತಾರೆ. ಬ್ರೂಸ್ ಮೆಕ್ಲಾರೆನ್ ಕೂಡ 1958ರಲ್ಲಿ ಅಲ್ಲೇ ಫಾರ್ಮುಲಾ ಟೂ ಗಾಡಿಯಲ್ಲಿ ಐದನೆಯವನಾಗಿ ಬಂದ. ಆಗ ಅವನಿಗೆ 20 ವರ್ಷ. ಅವನ ಎಲೆಗೂ ಹೋಳಿಗೆ ಬೀಳಲಿಲ್ಲ.

ಜಗದೀಶ ಇಷ್ಟು ಹೊತ್ತು ತಲೆ ಅಲ್ಲಾಡಿಸುತ್ತಿದ್ದ. "ನಮ್ಮ ಕಂಬಳದಲ್ಲಿ ಈ ರಗಳೆಯೇ ಇಲ್ಲ ಮಾರಾಯ. ವಿಭಾಗಗಳೇ ಬೇರೆ ಬೇರೆ. ನೇಗಿಲು ಬೇರೆ, ಹಗ್ಗ ಬೇರೆ, ಅಡ್ಡಹಲಗೆ ಬೇರೆ. ನೇಗಿಲು, ಹಗ್ಗದಲ್ಲಿ ಮತ್ತೆ ಹಿರಿಯ, ಕಿರಿಯ. ಕನೆಹಲಗೆಯಲ್ಲಂತೂ ಯಾರು ಜೋರು ಓಡಿದರು ಅಂತ ನೋಡುವುದೇ ಇಲ್ಲ. ನೀರು ಎಷ್ಟು ಎತ್ತರ ಚಿಮ್ಮಿತು, ಮೇಲೆ ಕಟ್ಟಿದ ನಿಶಾನೆಗೆ ತಾಗಿತಾ, ಅಷ್ಟೇ ಲೆಕ್ಕ. ಆರೂವರೆ ಕೋಲು, ಏಳೂವರೆ ಕೋಲು."

"ಹಗ್ಗದ ಕೋಣ, ಕನೆಹಲಗೆ ಕೋಣ ಎರಡನ್ನೂ ಒಟ್ಟಿಗೆ ಬಿಟ್ಟರೆ?" ಸೀನ ಬಿಡುವವನಲ್ಲ.

"ಕೋಣಗಳಿಗೆ ಎಂತದೂ ಆಗುವುದಿಲ್ಲ. ಯಜಮಾನರ ನಡುವೆ ಮೂರು ತಲೆಮಾರು ಮಾತು ನಿಲ್ಲುತ್ತದೆ."

"ಮತ್ತೆ ಲೆ ಮಾನ್‌ನಲ್ಲಿ? ಅಲ್ಲಿ ಬೇರೆ ಬೇರೆ ಕ್ಲಾಸ್ ಗಾಡಿ ಒಟ್ಟಿಗೇ ಓಡುತ್ತವೆ, ಇಪ್ಪತ್ನಾಲ್ಕು ಗಂಟೆ. ಅಲ್ಲಿ ಆಗುತ್ತದೆ, ಇಲ್ಲಿ ಯಾಕೆ ಆಗಬಾರದು?"

ಇದು ಒಳ್ಳೆಯ ಪ್ರಶ್ನೆ. ಸೀನನಿಂದ ಬಂದದ್ದು ಆಶ್ಚರ್ಯ. ನಾನು ಡಬ್ಬಿಯಿಂದ ಎರಡು ಚಕ್ಕುಲಿ ತೆಗೆದು ಟೀಪಾಯಿ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದೆ.

"ಲೆ ಮಾನ್ ಗಾಡಿಗೆ ಚಕ್ರ ಬಾಡಿಯ ಒಳಗೆ. ಪಕ್ಕದವನಿಗೆ ತಾಗಿದರೆ ಬಣ್ಣ ಹೋಗುತ್ತದೆ, ಜಾಸ್ತಿ ಅಂದರೆ ತಗಡು ಹೋಗುತ್ತದೆ. ಇವುಗಳ ಚಕ್ರ ಹೊರಗೆ. ಇದು ಮುಂದಿನವನ ಹಿಂಚಕ್ರ. ಇದು ಹಿಂದಿನವನ ಮುಂಚಕ್ರ. ಎರಡೂ ಒಂದೇ ದಿಕ್ಕಿಗೆ ಸುತ್ತುತ್ತಿವೆ. ಆದರೆ ತಾಗುವ ಜಾಗದಲ್ಲಿ ಮುಂದಿನದು ಮೇಲಕ್ಕೆ ಹೋಗುತ್ತಿದೆ, ಹಿಂದಿನದು ಕೆಳಕ್ಕೆ ಬರುತ್ತಿದೆ. ತಾಗಿತು ಅಂದರೆ..."

ತಾಗಿಸಿ ಸುತ್ತಿದೆ. ಹಿಂದಿನ ಚಕ್ಕುಲಿ ಮುಂದಿನದರ ಮೇಲೆ ಹತ್ತಿ ಮುರಿದು ಸೀನನ ಮಡಿಲಿಗೆ ಹಾರಿತು. ಅವನು ಅದನ್ನು ತಿಂದ.

"ಒಬ್ಬ ಜೋರಾಗಿ ಬರುತ್ತಿದ್ದಾನೆ, ಇನ್ನೊಬ್ಬ ನಿಧಾನ. ಬ್ರೇಕ್ ಹಿಡಿಯುವ ಜಾಗ ಬೇರೆ ಬೇರೆ. ಆಗ ತಾಗುವುದು ಸುಲಭ. 1966ರಲ್ಲಿ ಮೊದಲ ಸುತ್ತಿನಲ್ಲೇ ಇದೇ ಇಕ್ಸ್‌ನ ಚಿಕ್ಕ ಗಾಡಿಗೂ ಜಾನ್ ಟೇಲರ್‌ನ ಫಾರ್ಮುಲಾ ಒನ್ ಗಾಡಿಗೂ ಡಿಕ್ಕಿಯಾಯಿತು. ಬೆಂಕಿ ಹತ್ತಿತು. ಟೇಲರ್ ಕೆಲವು ವಾರ ಆಸ್ಪತ್ರೆಯಲ್ಲಿದ್ದು ತೀರಿಕೊಂಡ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಡುಗೆಮನೆಯ ನಲ್ಲಿ ಮಾತ್ರ ತೊಟ್ಟಿಕ್ಕುತ್ತಿತ್ತು.

ಕೊನೆಗೆ ವಿಮಲಾ ಫೋನ್ ತೆಗೆದು ಲೆಕ್ಕ ಹಾಕಿದಳು. "ಈಗ 107 ಪರ್ಸೆಂಟ್ ನಿಯಮ ಇದೆ ಅಂತ ರೇಸ್ ನೋಡುವಾಗ ನೀನು ಅಂದಿದ್ದೆ ಅಲ್ವಾ? ಮೊದಲನೆಯವನ ಟೈಮಿಗಿಂತ ಏಳು ಪರ್ಸೆಂಟ್‌ಗೂ ಹಿಂದೆ ಬಿದ್ದರೆ ರೇಸಿಗೆ ಸೇರಿಸುವುದಿಲ್ಲ ಅಂತ. ನಿಮ್ಮ ಇಕ್ಸ್ 102 ಬರುತ್ತಾನೆ. ಪಾಸ್."

"ಇವತ್ತಿನ ಫಾರ್ಮುಲಾ ಟೂ ಪಾಸಾಗುವುದಿಲ್ಲ. ಒಂದು ಸುತ್ತಿಗೆ ಹತ್ತು ಸೆಕೆಂಡ್, ಕೆಲವು ಕಡೆ ಇನ್ನೂ ಜಾಸ್ತಿ ಹಿಂದೆ. 90 ಸೆಕೆಂಡಿನ ಟ್ರ್ಯಾಕಿನಲ್ಲಿ 96.3ರ ಒಳಗೆ ಬರಬೇಕು. ಸೀನನ ಐಡಿಯಾ ಬಾಗಿಲಲ್ಲೇ ಔಟ್" ಅಂದೆ ನಾನು.

"ಚಿಕ್ಕವರು ಒಮ್ಮೆಯಾದರೂ ಗೆದ್ದಿಲ್ಲವಾ?" ಸೀನನ ದನಿ ಸೋತಿತ್ತು. ಪಾಪ ಅನ್ನಿಸಿ ಬ್ರ್ಯಾಂಡ್ಸ್ ಹ್ಯಾಚ್ ಕಥೆ ಹೇಳಿದೆ. 1973, ಇಂಗ್ಲೆಂಡ್, ರೇಸ್ ಆಫ್ ಚಾಂಪಿಯನ್ಸ್. ಚಾಂಪಿಯನ್‌ಶಿಪ್‌ಗೆ ಸೇರದ ರೇಸು. ಫಾರ್ಮುಲಾ ಒನ್ ಜೊತೆ ಫಾರ್ಮುಲಾ 5000 ಗಾಡಿಗಳನ್ನೂ ಬಿಟ್ಟಿದ್ದರು. ಅವುಗಳಲ್ಲಿ ಅಮೆರಿಕದ ರಸ್ತೆ ಕಾರಿನ ದೊಡ್ಡ ವಿ8 ಎಂಜಿನ್, ಐದು ಲೀಟರ್. ಹೊಟ್ಟೆ ದೊಡ್ಡದು, ದರ್ಜೆ ಚಿಕ್ಕದು. ಮುಂದಿದ್ದ ಫಾರ್ಮುಲಾ ಒನ್‌ಗಳು ಒಂದೊಂದಾಗಿ ಕೆಟ್ಟು ನಿಂತವು. ಪೀಟರ್ ಗೆಥಿನ್ ಶೆವ್ರಾನ್ ಗಾಡಿಯಲ್ಲಿ ಗೆದ್ದ. ಅವನ ಹಿಂದೆ ಎರಡನೆಯವನಾಗಿ ಬಂದದ್ದು ವಿಶ್ವ ಚಾಂಪಿಯನ್ ಆಗಿದ್ದ ಅದೇ ಡೆನ್ನಿ ಹಲ್ಮ್.

ಸೀನ ಎದ್ದು ನಿಂತು ಚಪ್ಪಾಳೆ ತಟ್ಟಿದ. ಅರ್ಧ ಶತಮಾನ ತಡವಾಗಿ.

"ಅಷ್ಟು ದೂರ ಯಾಕೆ?" ಅಂದ. "ಮದ್ರಾಸಿನ ಹತ್ತಿರ ಶೋಲಾವರಂ ಏರ್‌ಸ್ಟ್ರಿಪ್‌ನಲ್ಲಿ ರೇಸ್ ಇರಲಿಲ್ಲವಾ? ಎಂಬತ್ತರ ದಶಕದಲ್ಲಿ ನಮ್ಮ ಬೆಂಗಳೂರಿನ ವಿಜಯ್ ಮಲ್ಯ ಎನ್‌ಸೈನ್ ಅನ್ನುವ ನಿಜವಾದ ಫಾರ್ಮುಲಾ ಒನ್ ಗಾಡಿ ತಂದು ಓಡಿಸಿದ್ದರು."

"ಅದು ಪಂಕ್ತಿಭೇದ ಅಲ್ಲ. ಬಡಿಸುವವನೇ ಊಟಕ್ಕೆ ಕೂತ ಹಾಗೆ" ಅಂದಳು ವಿಮಲಾ.

ಅಷ್ಟರಲ್ಲಿ ಜಗದೀಶನಿಗೆ ಊರಿನಿಂದ ಫೋನ್ ಬಂತು. ಬಾಲ್ಕನಿಗೆ ಹೋದ. ಡಬ್ಬಿಯಲ್ಲಿ ಒಂದೇ ಚಕ್ಕುಲಿ ಉಳಿದಿತ್ತು. ನನ್ನ ಕೈ ಮೊದಲು ತಲುಪಿತು. ಸೀನನದು ಎರಡನೆಯದು.

ವಿಮಲಾ ಡಬ್ಬಿ ಎಳೆದುಕೊಂಡಳು. ನನ್ನ ಕಡೆ ನೋಡಿ, "ಡಾಕ್ಟರು ಕರಿದದ್ದು ಬೇಡ ಅಂದಿದ್ದಾರೆ. ನೀನು ಫಾರ್ಮುಲಾ ಟೂ. ತಿಂದದ್ದು ಲೆಕ್ಕಕ್ಕಿಲ್ಲ." ಸೀನನ ಕಡೆ ತಿರುಗಿ, "ನಲ್ಲಿ ರಿಪೇರಿ ಆಗುವವರೆಗೆ ನೀನೂ ಅದೇ."

ಚಕ್ಕುಲಿ ತೆಗೆದುಕೊಂಡು ಹೋಗಿ, ಫೋನಿನಲ್ಲಿ ಕೋಣದ ಮೇವಿನ ವಿಚಾರ ಮಾತಾಡುತ್ತಿದ್ದ ಜಗದೀಶನ ಕೈಗೆ ಇಟ್ಟಳು. ಅವನಿಗೆ ಯಾಕೆ ಅಂತಲೇ ತಿಳಿಯಲಿಲ್ಲ. ಮಾತು ನಿಲ್ಲಿಸದೆ ತಿಂದ.