ಸೌತಾಂಪ್ಟನ್‌ನಿಂದ ಬ್ರಿಟನ್ ಸುತ್ತುವ ಹಡಗು: ಬಂದರಲ್ಲಿ ಇಳಿದ ಮೇಲೆ ಹೇಗೆ ಓಡಾಡೋದು?

ರೆಡಿಂಗ್‌ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಅಪ್ಪ ಅಮ್ಮ ಜೂನ್‌ನಲ್ಲಿ ಬರುತ್ತಿದ್ದಾರೆ. ನಾನು, ನನ್ನ ಹೆಂಡತಿ, ಅವರಿಬ್ಬರು, ಒಟ್ಟು ನಾಲ್ಕು ಜನಕ್ಕೆ ಸೌತಾಂಪ್ಟನ್‌ನಿಂದ ಹೊರಟು ಅಲ್ಲಿಗೇ ವಾಪಸ್ ಬರುವ ಕ್ರೂಸ್ ಬುಕ್ ಮಾಡಿದ್ದೇನೆ. ದಾರಿಯಲ್ಲಿ ಸಿಗುವ ಊರುಗಳು: ಗರ್ನ್ಸಿ, ಐರ್ಲೆಂಡಿನ ಕೋವ್, ಲಿವರ್‌ಪೂಲ್, ಬೆಲ್‌ಫಾಸ್ಟ್, ಗ್ರೀನಕ್, ಕರ್ಕ್‌ವಾಲ್, ಇನ್ವರ್‌ಗಾರ್ಡನ್, ಎಡಿನ್‌ಬರಾ ಹತ್ತಿರದ ಸೌತ್ ಕ್ವೀನ್ಸ್‌ಫೆರಿ, ಕೊನೆಗೆ ಫ್ರಾನ್ಸಿನ ಲ ಹಾವ್ರ್.

ಹಡಗಿನವರ ಟೂರ್ ಬೆಲೆ ನೋಡಿ ತಲೆ ತಿರುಗಿತು. ನಾಲ್ಕು ಜನಕ್ಕೆ ಒಂದೊಂದು ಊರಿಗೂ ನೂರಾರು ಪೌಂಡ್ ಆಗುತ್ತೆ. ನಾವೇ ಓಡಾಡಿಕೊಂಡರೆ ನಡೆಯುತ್ತಾ? ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಕಷ್ಟ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಅಪ್ಪನಿಗೆ ಲಾಕ್ ನೆಸ್, ಅದೇ ಸ್ಕಾಟ್‌ಲೆಂಡಿನಲ್ಲಿ ದೈತ್ಯ ಪ್ರಾಣಿ ಇದೆ ಅಂತಾರಲ್ಲ ಆ ಸರೋವರ, ನೋಡಲೇಬೇಕಂತೆ. ಅನುಭವ ಇರುವವರು ದಯವಿಟ್ಟು ಹೇಳಿ.

ಟೂರೇಬೆಸ್ಟ್

ವಯಸ್ಸಾದವರು ಜೊತೆಗಿದ್ದರೆ ದುಡ್ಡಿನ ಮುಖ ನೋಡಬೇಡಿ ಸಾರ್. ಹಡಗಿನ ಟೂರ್ ಬಸ್ಸು ತಡವಾದರೆ ಹಡಗು ಕಾಯುತ್ತೆ. ನೀವಾಗಿ ಹೋಗಿ ತಡ ಮಾಡಿದರೆ ಕಾಯಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಲ್ಲೇ ಹೋಗಬೇಕು. ಎಲ್ಲಾ ಊರಿಗೂ ಟೂರ್ ಹಾಕಿಸಿ, ನೆಮ್ಮದಿಯಾಗಿರಿ.

ಸೌತಾಂಪ್ಟನ್‌ಅಕ್ಕ

ತಮ್ಮಾ, ಟೂರ್ ವಿಷಯ ಆಮೇಲೆ. ಮೊದಲು ವೀಸಾ ನೋಡಿಕೋ. ಇದರಲ್ಲಿ ಸಿಕ್ಕಿಹಾಕಿಕೊಳ್ಳುವುದು ನಿನ್ನ ಅಪ್ಪ ಅಮ್ಮ ಅಲ್ಲ, ನೀನು.

ಅವರು ವಿಸಿಟರ್ ವೀಸಾದಲ್ಲಿ ಬರುತ್ತಾರೆ ಅಲ್ವಾ? ಭಾರತದವರಿಗೆ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಅಂತ ಒಂದಿದೆ. ಅವರ ವೀಸಾದಲ್ಲಿ ಬಿಐವಿಎಸ್ ಅನ್ನುವ ಗುರುತು ಇದ್ದರೆ, ಮೊದಲು ಇಲ್ಲಿಗೆ ಬಂದಿಳಿದು ಆಮೇಲೆ ಅದೇ ವೀಸಾದಲ್ಲಿ ಐರ್ಲೆಂಡಿಗೂ ಹೋಗಬಹುದು. ನೀನು ಇಲ್ಲಿ ಕೆಲಸದ ವೀಸಾದಲ್ಲಿ, ಭಾರತದ ಪಾಸ್‌ಪೋರ್ಟಿನಲ್ಲಿ ಇದ್ದರೆ ಆ ಯೋಜನೆ ನಿನಗಿಲ್ಲ. ನೀನೂ ನಿನ್ನ ಹೆಂಡತಿಯೂ ಕೋವ್‌ಗಾಗಿ ಐರಿಷ್ ವೀಸಾ ಬೇರೆ ಮಾಡಿಸಬೇಕು. ಲ ಹಾವ್ರ್‌ಗೆ ನಾಲ್ಕೂ ಜನಕ್ಕೆ ಷೆಂಗೆನ್ ವೀಸಾ, ಅಂದರೆ ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ, ಬೇಕು. ಬೆಲ್‌ಫಾಸ್ಟ್‌ಗೆ ಏನೂ ಬೇಡ, ಅದು ಯುನೈಟೆಡ್ ಕಿಂಗ್‌ಡಮ್‌ಗೇ ಸೇರಿದ್ದು. "ಆ ಊರಲ್ಲಿ ಇಳಿಯೋದೇ ಇಲ್ಲ, ಹಡಗಲ್ಲೇ ಕೂತಿರ್ತೀವಿ" ಅಂದರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ಒಂದು ಕಾಗದ ಕಡಿಮೆಯಾದರೂ ಇಲ್ಲೇ ಕೌಂಟರಿನಲ್ಲಿ ತಡೆಯುತ್ತಾರೆ. ಹಡಗಿನ ಕಂಪನಿಗೆ ನಾಲ್ಕೂ ಪಾಸ್‌ಪೋರ್ಟಿನ ವಿವರ ಬರೆದು, ಏನೇನು ಬೇಕು ಅಂತ ಇಮೇಲಿನಲ್ಲೇ ಉತ್ತರ ತರಿಸಿಕೋ. ಫೋನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ.

ಈಗ ಓಡಾಟ. ನಮ್ಮ ಮನೆ ಬಂದರಿಗೆ ಹತ್ತಿರ. ಹಡಗು ಹತ್ತುವ ಹಿಂದಿನ ರಾತ್ರಿ ತಂಗಲು ನೆಂಟರಿಷ್ಟರು ಬರುತ್ತಲೇ ಇರುತ್ತಾರೆ. ಇಳಿದ ದಿನ ಕಾಫಿಗೆ ಬಂದಾಗ ಅವರ ಗೋಳು ಒಂದೇ: "ಬಸ್ಸಲ್ಲೇ ಕೂತಿದ್ವಿ ಅಕ್ಕ." ಬಂದರಿನಲ್ಲಿ ಸಿಗುವುದು ಏಳೆಂಟು ಗಂಟೆ. ಅದರಲ್ಲಿ ನಾಲ್ಕು ಗಂಟೆ ಬಸ್ಸಿಗೇ ಕೊಟ್ಟರೆ ಉಳಿಯೋದು ಟಾಯ್ಲೆಟ್ಟು, ಗಿಫ್ಟ್ ಅಂಗಡಿ, ಒಂದು ಫೋಟೋ. ಹಾಗಾಗಿ ನಾನು ಎಲ್ಲರಿಗೂ ಹೇಳೋದು, ಹೋಗುವ ದಾರಿ ನೋಡಬೇಡಿ, ವಾಪಸ್ ಬರುವ ದಾರಿ ನೋಡಿ. ವಾಪಸ್ ಬರೋಕೆ ಅರ್ಧ ಗಂಟೆಗೊಂದು ರೈಲಿದ್ದರೆ ನೀವೇ ಹೋಗಿ. ದಿನಕ್ಕೆ ಬೆರಳೆಣಿಕೆಯಷ್ಟೇ ಇದ್ದರೆ ಹಡಗಿನ ಟೂರ್, ಇಲ್ಲವೇ ಊರೊಳಗೇ ಸುತ್ತಾಟ. ಮೇಲಿನವರು ಹೇಳಿದಂತೆ ಎಲ್ಲದಕ್ಕೂ ಟೂರ್ ಹಾಕಿಸೋದು ನನ್ನ ಪ್ರಕಾರ ಸುಮ್ನೆ ದಂಡ.

ಲಿವರ್‌ಪೂಲ್‌ಗೆ ಟೂರ್ ತಗೊಂಡರೆ ನಾನು ಮಾತಾಡಿಸಲ್ಲ! ಹಡಗು ನಿಲ್ಲೋದೇ ಊರ ಮಧ್ಯದಲ್ಲಿ. ಇಳಿದು ಸ್ವಲ್ಪ ನಡೆದರೆ ಪಿಯರ್ ಹೆಡ್, ಬೀಟಲ್ಸ್ ನಾಲ್ವರ ಪ್ರತಿಮೆ, ಇನ್ನೂ ಸ್ವಲ್ಪ ಹೋದರೆ ಆಲ್ಬರ್ಟ್ ಡಾಕ್. ಎಲ್ಲಾ ಸಮತಟ್ಟು, ಅಮ್ಮನ ಮಂಡಿಗೆ ತೊಂದರೆ ಇಲ್ಲ. ಪಿಯರ್ ಹೆಡ್‌ನಿಂದಲೇ ಮರ್ಸಿ ನದಿಯ ಫೆರಿ ಹೊರಡುತ್ತೆ. ಟ್ಯಾಕ್ಸಿ ಮಾಡಿಕೊಂಡು ಆಂಗ್ಲಿಕನ್ ಕ್ಯಾಥೆಡ್ರಲ್‌ಗೂ ಹೋಗಿ ಬನ್ನಿ. ಅದರ ವಾಸ್ತುಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಅವರೇ ಇಲ್ಲಿನ ಕೆಂಪು ಟೆಲಿಫೋನ್ ಡಬ್ಬಿಯನ್ನೂ ವಿನ್ಯಾಸ ಮಾಡಿದ್ದು. ಅಷ್ಟು ದೊಡ್ಡದು, ಇಷ್ಟು ಚಿಕ್ಕದು, ಎರಡೂ ಒಬ್ಬರದೇ.

ಕೋವ್‌ನಲ್ಲಿ ರೈಲು ನಿಲ್ದಾಣ ಹಡಗಿನ ಪಕ್ಕದಲ್ಲೇ ಇದೆ. ಕಾರ್ಕ್ ನಗರಕ್ಕೆ ಸುಮಾರು 25 ನಿಮಿಷ. ಅಲ್ಲಿ ಯೂರೋ ನಡೆಯೋದು, ಪೌಂಡ್ ಅಲ್ಲ. 1912ರ ಏಪ್ರಿಲ್ 10ರಂದು ಸೌತಾಂಪ್ಟನ್ ಬಿಟ್ಟ ಟೈಟಾನಿಕ್ ಮರುದಿನ ಕೊನೆಯದಾಗಿ ನಿಂತಿದ್ದು ಕೋವ್‌ನಲ್ಲೇ. ಹಡಗಿನಲ್ಲಿ ಕೂತವರಿಗೆ ಇದನ್ನು ಹೇಳಬಾರದು, ಆದರೆ ಊರಿನವರು ಹೇಳದೆ ಬಿಡಲ್ಲ.

ಬೆಲ್‌ಫಾಸ್ಟ್‌ನಲ್ಲಿ ಎರಡರಲ್ಲಿ ಒಂದು ಆರಿಸಿಕೊಳ್ಳಿ. ಊರಲ್ಲೇ ಇದ್ದು ಟೈಟಾನಿಕ್ ಮ್ಯೂಸಿಯಂ ನೋಡೋದು, ಇಲ್ಲವೇ ಜೈಂಟ್ಸ್ ಕಾಸ್‌ವೇಗೆ ಹೋಗೋದು. ಕಾಸ್‌ವೇ ಸುಮಾರು 60 ಮೈಲಿ ದೂರ, ಅದಕ್ಕೆ ಮಾತ್ರ ಹಡಗಿನ ಟೂರ್ ತಗೊಳ್ಳಿ. ಸುಮಾರು 40,000 ಕಲ್ಲಿನ ಕಂಬಗಳು, ಹೆಚ್ಚಿನವು ಆರು ಮೂಲೆಯವು, ಸಮುದ್ರದೊಳಗೆ ಇಳಿದು ಹೋಗಿವೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದ್ದರೆ ಅಪ್ಪ ಕಂಡ ತಕ್ಷಣ ಗುರುತು ಹಿಡಿಯುತ್ತಾರೆ. ಎರಡೂ ಲಾವಾ ತಣ್ಣಗಾಗಿ ಬಿರುಕು ಬಿಟ್ಟು ಆದದ್ದೇ. ಮೇಲಿನ ವಿಸಿಟರ್ ಸೆಂಟರ್‌ನಿಂದ ಕಲ್ಲುಗಳ ತನಕ ಸುಮಾರು ಒಂದು ಕಿಲೋಮೀಟರ್ ಇಳಿಜಾರು. ಸಣ್ಣ ಶಟಲ್ ಬಸ್ ಇದೆ, ದುಡ್ಡು ಕೊಟ್ಟು ಅದರಲ್ಲೇ ಹೋಗಲಿ ಅಮ್ಮ. ಒದ್ದೆ ಕಲ್ಲಿನ ಮೇಲೆ ಮಾತ್ರ ಹತ್ತಿಸಬೇಡ.

ಕರ್ಕ್‌ವಾಲ್ ನನಗೆ ಎಲ್ಲಕ್ಕಿಂತ ಇಷ್ಟ. ದೊಡ್ಡ ಹಡಗು ಊರಾಚೆ ಹ್ಯಾಟ್‌ಸ್ಟನ್‌ನಲ್ಲಿ ನಿಲ್ಲುತ್ತೆ, ಅಲ್ಲಿಂದ ಊರಿಗೆ ಶಟಲ್ ಬಸ್. ಕೆಂಪು ಮರಳುಗಲ್ಲಿನ ಸೇಂಟ್ ಮ್ಯಾಗ್ನಸ್ ಕ್ಯಾಥೆಡ್ರಲ್ 1137ರಲ್ಲಿ ಶುರುವಾದದ್ದು. ಅಂದರೆ ನಮ್ಮ ಹೊಯ್ಸಳರು ಬೇಲೂರು ಹಳೇಬೀಡು ಕಟ್ಟಿಸುತ್ತಿದ್ದ ಕಾಲ. ಸ್ಕಾರಾ ಬ್ರೇ ನೋಡಬೇಕಂದರೆ ಟೂರ್ ಬೇಕು. ಸುಮಾರು 5,000 ವರ್ಷ ಹಳೆಯ ಹಳ್ಳಿ, ಮರಳಡಿ ಹುದುಗಿತ್ತು, 1850ರ ಬಿರುಗಾಳಿಗೆ ಹೊರಬಂತು. ಆಗಿನವರ ಮನೆಯೊಳಗೆ ಕಲ್ಲಿನ ಶೆಲ್ಫ್, ಕಲ್ಲಿನ ಮಂಚ ಹಾಗೇ ಇವೆ. ಆ ಶೆಲ್ಫ್ ನೋಡಿದಾಗ, ನೀರಿನ ಚೊಂಬು ಎಲ್ಲಿಡುತ್ತಿದ್ದರೋ ಅಂತ ನನಗೆ ಯೋಚನೆ.

ಇನ್ನು ಲಾಕ್ ನೆಸ್. ಅಪ್ಪನಿಗೆ ಬೇಜಾರಾದರೂ ಹೇಳ್ತೀನಿ, ಅದು ಉದ್ದನೆಯ ಕಪ್ಪು ನೀರು, ಅಷ್ಟೇ. ಅರ್ಕರ್ಟ್ ಕೋಟೆಯ ಪಾಳು ಗೋಡೆ ಚೆನ್ನಾಗಿದೆ, ಆದರೆ ಅಲ್ಲಿ ಇಳಿಜಾರು ಜಾಸ್ತಿ. ಹೋಗಲೇಬೇಕಂದರೆ ಇನ್ವರ್‌ಗಾರ್ಡನ್‌ನಿಂದ ಹಡಗಿನ ಟೂರ್‌ನಲ್ಲೇ ಹೋಗಿ. ಅಲ್ಲಿನ ರೈಲು ನಿಲ್ದಾಣ ನಡೆಯುವಷ್ಟು ಹತ್ತಿರ, ಇನ್ವರ್ನೆಸ್‌ಗೆ ಒಂದು ಗಂಟೆಯೊಳಗಿನ ದಾರಿ, ಆದರೆ ರೈಲುಗಳು ಕಡಿಮೆ. ಒಂದು ತಪ್ಪಿದರೆ ಮುಂದಿನದು ಬರುವಷ್ಟರಲ್ಲಿ ನಿಮ್ಮ ಹಡಗು ಹೊಗೆ ಬಿಡುತ್ತಾ ಹೋಗಿರುತ್ತೆ.

ಗರ್ನ್ಸಿಯಲ್ಲಿ ಸಣ್ಣ ಬೋಟಿನಲ್ಲಿ ದಡಕ್ಕೆ ಕರೆದೊಯ್ಯುತ್ತಾರೆ. ದಡದಲ್ಲೇ ಊರು, ಸುಮ್ಮನೆ ಅಡ್ಡಾಡಿ. ಅಲ್ಲಿ ಚಿಲ್ಲರೆಗೆ ಗರ್ನ್ಸಿ ನೋಟು ಕೊಟ್ಟರೆ ಅಲ್ಲೇ ಖರ್ಚು ಮಾಡಿಬಿಡಿ, ಇಲ್ಲಿನ ಅಂಗಡಿಯವರು ತಗೊಳ್ಳೋದು ಕಷ್ಟ.

ಗ್ರೀನಕ್ ಬಗ್ಗೆ ಗ್ಲಾಸ್ಗೋದವರು ಯಾರಾದರೂ ಹೇಳಲಿ. ಕ್ವೀನ್ಸ್‌ಫೆರಿ ಬಗ್ಗೆ ಸಂಜೆ ಬರೀತೀನಿ, ಒಲೆ ಮೇಲೆ ಸಾರಿದೆ.

ಕ್ಲೈಡ್‌ದಂಡೆ

ಅಕ್ಕ ಕರೆದರು, ಬಂದೆ. ಗ್ರೀನಕ್‌ಗೆ ಟೂರ್ ಬೇಡವೇ ಬೇಡ. ಬಂದರಿನಿಂದ ಗ್ರೀನಕ್ ವೆಸ್ಟ್ ನಿಲ್ದಾಣಕ್ಕೆ ನಡೆದೇ ಹೋಗಬಹುದು, ಅಮ್ಮನಿಗೆ ಬೇಕಾದರೆ ಟ್ಯಾಕ್ಸಿ ಮಾಡಿ. ಗ್ಲಾಸ್ಗೋ ಸೆಂಟ್ರಲ್‌ಗೆ ಸುಮಾರು 40 ನಿಮಿಷ. ಕಿಟಕಿ ಪಕ್ಕ ನದಿಯ ಕಡೆ ಕೂತರೆ ಕ್ಲೈಡ್ ಪೂರ್ತಿ ಕಾಣುತ್ತೆ. 2025ರ ಸೆಪ್ಟೆಂಬರ್‌ನಿಂದ ಸ್ಕಾಟ್‌ರೈಲ್‌ನಲ್ಲಿ ಬೆಳಿಗ್ಗೆಯ ದುಬಾರಿ ಟಿಕೆಟ್ ತೆಗೆದುಹಾಕಿದ್ದಾರೆ, ಎಷ್ಟು ಗಂಟೆಗೆ ಹೊರಟರೂ ಒಂದೇ ದರ.

ಗ್ಲಾಸ್ಗೋದಲ್ಲಿ ಕೆಲ್ವಿನ್‌ಗ್ರೋವ್ ಮ್ಯೂಸಿಯಂಗೆ ಹೋಗಿ. ಪ್ರವೇಶ ಉಚಿತ, ಲಿಫ್ಟ್ ಇದೆ, ಕೂರೋಕೆ ಜಾಗ ಇದೆ. ಮಧ್ಯಾಹ್ನ ದೊಡ್ಡ ಪೈಪ್ ಆರ್ಗನ್ ನುಡಿಸುತ್ತಾರೆ, ಸಾಮಾನ್ಯವಾಗಿ 1 ಗಂಟೆಗೆ, ಭಾನುವಾರ 3ಕ್ಕೆ. ಮೇಲಿನ ಮಹಡಿಯ ಕಟಾಂಜನದ ಹತ್ತಿರ ಕುರ್ಚಿ ಸಿಕ್ಕರೆ ಬಿಡಬೇಡಿ. ಮತ್ತೆ ಜೂನ್ ಅಂತ ನಂಬಿ ಬರೀ ಅಂಗಿಯಲ್ಲಿ ಬರಬೇಡಿ, ಮಳೆ ಜಾಕೆಟ್ ಕಡ್ಡಾಯ. ಛತ್ರಿ ಗಾಳಿಗೆ ಉಲ್ಟಾ ಆಗುತ್ತೆ.

ರೆಡಿಂಗ್‌ಕನ್ನಡಿಗ

ಅಕ್ಕ, ವೀಸಾ ವಿಷಯ ಕೇಳಿ ಬೆವರು ಬಂತು. ನಾನು ಕೆಲಸದ ವೀಸಾದಲ್ಲೇ ಇರೋದು. ಇವತ್ತೇ ಹಡಗಿನವರಿಗೆ ಬರೆದೆ. ಊಟ ಮತ್ತು ಎಡಿನ್‌ಬರಾ ಬಗ್ಗೆ ಕಾಯ್ತಿದ್ದೀನಿ.

ಸೌತಾಂಪ್ಟನ್‌ಅಕ್ಕ

ಸೌತ್ ಕ್ವೀನ್ಸ್‌ಫೆರಿಯಲ್ಲೂ ಹಡಗು ನೀರಲ್ಲೇ ನಿಲ್ಲುತ್ತೆ, ಸಣ್ಣ ಬೋಟಿನಲ್ಲಿ ಹಾಸ್ ಪಿಯರ್‌ಗೆ ಬರಬೇಕು. ಬೋಟಿನಿಂದ ಇಳಿದು ತಲೆ ಎತ್ತಿದರೆ ನೆತ್ತಿ ಮೇಲೇ 1890ರ ಫೋರ್ತ್ ರೈಲು ಸೇತುವೆ. ಕೆಂಪು ಉಕ್ಕಿನ ತೊಲೆಗಳು, ಮೇಲೆ ರೈಲು ಹೋದಾಗ ಕೆಳಗೆ ನಿಂತವರಿಗೆ ಸದ್ದು ಎದೆಗೇ ಬಡಿಯುತ್ತೆ. ಎಷ್ಟೋ ಜನ ಫೋಟೋ ತೆಗೆದು ಎಡಿನ್‌ಬರಾಗೆ ಓಡುತ್ತಾರೆ. ನನ್ನ ಕೇಳಿದರೆ ಅಲ್ಲೇ ಅರ್ಧ ಗಂಟೆ ನಿಲ್ಲಿ.

ಎಡಿನ್‌ಬರಾಗೆ ರೈಲು ಡಾಲ್‌ಮೆನಿ ನಿಲ್ದಾಣದಿಂದ. ಇಪ್ಪತ್ತು ನಿಮಿಷದ ದಾರಿ. ಆದರೆ ನಿಲ್ದಾಣ ಗುಡ್ಡದ ಮೇಲಿದೆ, ಪಿಯರ್‌ನಿಂದ ಉದ್ದನೆಯ ಕಡಿದಾದ ಮೆಟ್ಟಿಲು ಹತ್ತಬೇಕು. ಅಮ್ಮನಿಗೆ ಬೇಡ. ಹಡಗು ಬರುವ ದಿನ ಪಿಯರ್ ಹತ್ತಿರದಿಂದ ನಗರಕ್ಕೆ ಬಸ್ ಬಿಡುತ್ತಾರೆ, ಅದರಲ್ಲೇ ಹೋಗಿ. ಎಡಿನ್‌ಬರಾ ಕೋಟೆಯ ಟಿಕೆಟ್ ಮೊದಲೇ ಆನ್‌ಲೈನಿನಲ್ಲಿ ತಗೋ. ಏರು ಆಗಲ್ಲ ಅಂದರೆ ಅಮ್ಮನನ್ನು ನ್ಯಾಷನಲ್ ಮ್ಯೂಸಿಯಂನಲ್ಲಿ ಕೂರಿಸಿ ನೀವು ಹೋಗಿ ಬನ್ನಿ, ಅದು ಉಚಿತ. ಗಾಳಿ ಜೋರಾದರೆ ಸಣ್ಣ ಬೋಟು ಬಿಡೋದೇ ಇಲ್ಲ, ಇಡೀ ಊರೇ ರದ್ದಾಗುತ್ತೆ. ಹಾಗಾಗಿ ಗರ್ನ್ಸಿಗೂ ಕ್ವೀನ್ಸ್‌ಫೆರಿಗೂ ದುಡ್ಡು ವಾಪಸ್ ಬರದ ಟಿಕೆಟ್ ಜಾಸ್ತಿ ಮಾಡಿಸಬೇಡ. ಹಡಗಿನ ಟೂರ್ ಆದರೆ ಸಾಮಾನ್ಯವಾಗಿ ಅವರೇ ವಾಪಸ್ ಕೊಡುತ್ತಾರೆ.

ರೈಲಿನ ಎರಡು ಮಾತು. ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದರೆ ಗ್ರೂಪ್‌ಸೇವ್ ಅಂತ ಹಲವು ಕಂಪನಿಗಳಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗುತ್ತೆ. ನೀವು ನಾಲ್ಕು ಜನ, ಟಿಕೆಟ್ ತಗೊಳ್ಳುವಾಗ ಕೇಳಿ. ಇನ್ನೊಂದು, ಮೆಟ್ಟಿಲು ಆಗದವರಿಗೆ ಪ್ಯಾಸೆಂಜರ್ ಅಸಿಸ್ಟ್ ಅಂತ ಉಚಿತ ಸಹಾಯ ಇದೆ. ಎರಡು ಗಂಟೆ ಮುಂಚೆ ಹೇಳಿದರೂ ರ‍್ಯಾಂಪ್ ತಂದು ಹತ್ತಿಸುತ್ತಾರೆ. ಇದು ಬ್ರಿಟನ್ನಿನ ರೈಲಿಗೆ, ಕೋವ್‌ಗೆ ಅಲ್ಲ.

ಊಟ: ಹಡಗಿನಲ್ಲಿ ಬುಕಿಂಗ್‌ನಲ್ಲೇ ಬರೆಸು. ಮೊದಲ ರಾತ್ರಿ ಹೆಡ್ ವೇಟರನ್ನು ಕರೆದು "ಮೊಟ್ಟೆ ಇಲ್ಲ, ಮೀನೂ ಇಲ್ಲ" ಅಂತ ಬಿಡಿಸಿ ಹೇಳು. ಹಿಂದಿನ ರಾತ್ರಿ ಹೇಳಿದರೆ ಮರುದಿನ ಬೇಳೆ, ಅನ್ನ, ಪಲ್ಯ ಮಾಡಿಕೊಡುವ ಹಡಗುಗಳು ಬೇಕಾದಷ್ಟಿವೆ, ಅಡುಗೆಮನೆಯಲ್ಲಿ ನಮ್ಮವರು ಇದ್ದೇ ಇರುತ್ತಾರೆ. ದಡದಲ್ಲಿ ಹೊಟ್ಟೆಗೆ ಆಧಾರ ಅಂದರೆ ಜಾಕೆಟ್ ಪೊಟ್ಯಾಟೊ, ಇಡೀ ಆಲೂಗಡ್ಡೆ ಬೇಯಿಸಿ ಸೀಳಿ ಮೇಲೆ ಬೀನ್ಸ್ ಹಾಕಿರುತ್ತಾರೆ. ಚಿಪ್ಸ್ ಮಾತ್ರ ಕೇಳಿ ತಿನ್ನಿ. ಕೆಲವು ಅಂಗಡಿಗಳಲ್ಲಿ, ಅದರಲ್ಲೂ ಉತ್ತರದ ಕಡೆ, ದನದ ಕೊಬ್ಬಿನಲ್ಲಿ ಕರಿಯುತ್ತಾರೆ. "ವೆಜಿಟೆಬಲ್ ಆಯಿಲಾ?" ಅಂತ ಒಂದು ಮಾತು ಕೇಳಿದರೆ ಸಾಕು. ನಿಪ್ಪಟ್ಟು, ಚಟ್ನಿಪುಡಿ ಅಮ್ಮ ತಂದೇ ತರುತ್ತಾರೆ, ಹೇಳಬೇಕಾಗಿಲ್ಲ.

ಟೂರೇಬೆಸ್ಟ್

ಅಕ್ಕ, ಲಾಕ್ ನೆಸ್ ಬಗ್ಗೆ ಹಾಗಂದಿದ್ದು ಸರಿಯಲ್ಲ. ನಮ್ಮ ಮಾವ ಈಗಲೂ ಅದನ್ನೇ ಹೇಳ್ತಿರ್ತಾರೆ. ಆ ಪ್ರಾಣಿ ಕಾಣಲಿಲ್ಲ, ಆದರೂ ಹೇಳ್ತಾರೆ.

ಸೌತಾಂಪ್ಟನ್‌ಅಕ್ಕ

ಆಯ್ತು ಬಿಡಿ, ಅಪ್ಪನಿಗೆ ಆಸೆ ಇದ್ದರೆ ಹೋಗಲಿ. ಆ ದಿನ ಅಪ್ಪ ಅಮ್ಮ ಇಬ್ಬರೇ ಟೂರ್‌ಗೆ ಹೋಗಲಿ, ಇಲ್ಲವೇ ಅಮ್ಮ ಹಡಗಿನಲ್ಲೇ ವಿಶ್ರಾಂತಿ ತಗೋತೀನಿ ಅಂದರೆ ಅದೂ ಸರಿ. ಸಾಲಾಗಿ ಐದು ದಿನ ಇಳಿದು ಹತ್ತಿದರೆ ಯಾರಿಗಾದರೂ ಸುಸ್ತಾಗುತ್ತೆ.

ರೆಡಿಂಗ್‌ಕನ್ನಡಿಗ

ತೀರ್ಮಾನ ಆಯ್ತು: ಕಾಸ್‌ವೇ, ಸ್ಕಾರಾ ಬ್ರೇ, ಲಾಕ್ ನೆಸ್ ಮೂರಕ್ಕೇ ಟೂರ್. ಉಳಿದದ್ದು ನಾವೇ. ಒಂದು ಕೊನೆಯ ಪ್ರಶ್ನೆ, ರೆಡಿಂಗ್‌ನಿಂದ ಹಡಗಿನ ದಿನವೇ ಹೊರಟರೆ ಸಾಕಾ? ನೇರ ರೈಲಿದೆ.

ಸೌತಾಂಪ್ಟನ್‌ಅಕ್ಕ

ಹೌದು, ಒಂದು ಗಂಟೆಯೊಳಗೆ ಸೌತಾಂಪ್ಟನ್ ಸೆಂಟ್ರಲ್. ಆದರೆ ಭಾನುವಾರವಾದರೆ ಹಳಿ ರಿಪೇರಿ ಇದೆಯಾ ಅಂತ ಹಿಂದಿನ ವಾರ ನೋಡಿಕೋ, ರೈಲಿನ ಬದಲು ಬಸ್ಸು ಬಿಟ್ಟರೆ ಹೊತ್ತು ಜಾಸ್ತಿ ಹಿಡಿಯುತ್ತೆ. ನಾಲ್ಕು ಜನ, ದೊಡ್ಡ ಸೂಟ್‌ಕೇಸು ಅಂದರೆ ನಿಲ್ದಾಣದಿಂದ ಟ್ಯಾಕ್ಸಿಯೇ ಸರಿ. ಡ್ರೈವರ್‌ಗೆ ಬರೀ "ಕ್ರೂಸ್ ಟರ್ಮಿನಲ್" ಅನ್ನಬೇಡ. ಇಲ್ಲಿ ಒಂದಲ್ಲ, ಐದಿವೆ. ಓಷನ್ ಮತ್ತು ಕ್ವೀನ್ ಎಲಿಜಬೆತ್ ಟರ್ಮಿನಲ್‌ಗೆ ಡಾಕ್ ಗೇಟ್ 4, ಮೇಫ್ಲವರ್‌ಗೆ ಗೇಟ್ 10, ಅವು ಊರಿನ ಎರಡು ಕಡೆ. ನಿಮ್ಮ ಟಿಕೆಟಿನಲ್ಲಿ ಹೆಸರಿರುತ್ತೆ, ಕೆಲವೊಮ್ಮೆ ಕೊನೆ ವಾರದಲ್ಲಿ ಬದಲೂ ಆಗುತ್ತೆ. ಹಿಂದಿನ ರಾತ್ರಿ ಒಮ್ಮೆ ನೋಡಿಕೊಂಡು ಮಲಗು.