ಔಷಧ ಹೊತ್ತ ಮೈಸೆಲ್ ಬಿಚ್ಚಿಕೊಳ್ಳಲು ಯಾವ ಪ್ರಚೋದನೆ ಸೂಕ್ತ: ಆಮ್ಲೀಯತೆ, ಗ್ಲುಟಾಥಯೋನ್ ಅಥವಾ ತಾಪ?

ಪ್ರಶ್ನೆ: ಎಂ.ಫಾರ್ಮ್ ವಿದ್ಯಾರ್ಥಿನಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯಲ್ಲಿ ಎಂ.ಫಾರ್ಮ್ ಎರಡನೆಯ ವರ್ಷದಲ್ಲಿದ್ದೇನೆ. ಒಂದು ತುದಿ ನೀರಿಗೆ ಒಲಿಯುವ, ಇನ್ನೊಂದು ತುದಿ ನೀರನ್ನು ಒಲ್ಲದ ಪಾಲಿಮರ್ ಅಣುಗಳು ನೀರಿನಲ್ಲಿ ತಾವಾಗಿಯೇ ಕೂಡಿಕೊಂಡು ಕಟ್ಟುವ ಮೈಸೆಲ್‌ಗಳಲ್ಲಿ ಡಾಕ್ಸೋರುಬಿಸಿನ್ ಎಂಬ ಕ್ಯಾನ್ಸರ್ ಔಷಧ ತುಂಬಿ, ಆಮ್ಲೀಯ ಪರಿಸರದಲ್ಲಿ ಮಾತ್ರ ಅದು ಹೊರಬರುವಂತೆ ಮಾಡುವುದು ನನ್ನ ಪ್ರಬಂಧದ ವಿಷಯ. ಅಣುವಿನ ಎರಡು ತುಂಡುಗಳ ನಡುವೆ ಹೈಡ್ರಜೋನ್ ಬಂಧವಿದ್ದು, ಆಮ್ಲ ತಾಗಿದಾಗ ಅದು ಮುರಿದು ಮೈಸೆಲ್ ಚದುರಬೇಕು.

ಡಯಾಲಿಸಿಸ್ ಚೀಲದಲ್ಲಿಟ್ಟು (ಸಣ್ಣ ಅಣುಗಳನ್ನು ಮಾತ್ರ ಹೊರಬಿಡುವ ಪೊರೆಯ ಚೀಲ) ನೋಡಿದಾಗ ಪಿಎಚ್ 5.0 ರ ಬಫರ್‌ನಲ್ಲಿ ಔಷಧ ಬೇಗ ಬಂದಿತು, 7.4 ರಲ್ಲಿ ನಿಧಾನವಾಗಿ ಬಂದಿತು. ಆದರೆ ಗಡ್ಡೆಯ ಜೀವಕೋಶಗಳ ಸುತ್ತಲಿನ ದ್ರವದ ಪಿಎಚ್ ಸಾಮಾನ್ಯವಾಗಿ 6.5 ರಿಂದ 6.9 ರ ಆಸುಪಾಸಿನಲ್ಲಿರುತ್ತದೆ ಎಂದು ಓದಿದ ಮೇಲೆ ಚಿಂತೆ ಹತ್ತಿದೆ. ಹಾಗಾದರೆ 5.0 ರಲ್ಲಿ ಸಿಕ್ಕ ಫಲಿತಾಂಶಕ್ಕೆ ಏನು ಅರ್ಥ? ಜೀವಕೋಶದಲ್ಲಿರುವ ಗ್ಲುಟಾಥಯೋನ್ ಎಂಬ ಸಣ್ಣ ಪೆಪ್ಟೈಡ್‌ನಿಂದ ಮುರಿಯುವ ಡೈಸಲ್ಫೈಡ್ ಬಂಧಕ್ಕೋ, ತಾಪಕ್ಕೆ ಸ್ಪಂದಿಸುವ ಪಾಲಿಮರ್‌ಗೋ ಬದಲಾಯಿಸುವುದು ಒಳ್ಳೆಯದೇ? ರಕ್ತಕ್ಕೆ ಸೇರಿದ ಕೂಡಲೇ ಮೈಸೆಲ್ ತಾನಾಗಿಯೇ ಕರಗಿಹೋಗುವುದಿಲ್ಲವೇ ಎಂಬ ಪ್ರಶ್ನೆಯೂ ಇದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಬೆಳಗಾವಿ

ತಂಗಿ, ಮೊದಲು ದೇಹದೊಳಗೆ ಯಾವ ಎರಡು ಸ್ಥಳಗಳ ನಡುವೆ ನಿಜವಾಗಿ ದೊಡ್ಡ ವ್ಯತ್ಯಾಸವಿದೆ ಎಂದು ನೋಡಬೇಕು. ಬಂಧವನ್ನು ಆರಿಸುವುದು ಆಮೇಲಿನ ಕೆಲಸ. ಪಿಎಚ್ ಲಾಗರಿದಮ್ ಅಳತೆಯಾದ್ದರಿಂದ, 7.4 ರಿಂದ 6.8 ಕ್ಕೆ ಇಳಿದರೆ ಹೈಡ್ರೋಜನ್ ಅಯಾನಿನ ಸಾಂದ್ರತೆ ಹೆಚ್ಚುವುದು ಸುಮಾರು 4 ಪಟ್ಟು ಮಾತ್ರ, 5.0 ಕ್ಕೆ ಇಳಿದರೆ ಸುಮಾರು 250 ಪಟ್ಟು. ನಾಲ್ಕು ಪಟ್ಟಿನ ವ್ಯತ್ಯಾಸಕ್ಕೆ ಖಚಿತವಾಗಿ ಮುರಿಯುವ, ರಕ್ತದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲುವ ಬಂಧವನ್ನು ಕಟ್ಟುವುದು ಬಹಳ ಕಷ್ಟ.

ಹಾಗೆಂದು ನಿಮ್ಮ ಫಲಿತಾಂಶ ನಿರರ್ಥಕವಲ್ಲ. ಜೀವಕೋಶ ಮೈಸೆಲ್ ಅನ್ನು ನುಂಗಿದ ಮೇಲೆ ಅದು ಹೋಗಿ ಸೇರುವ ಲೈಸೋಸೋಮ್‌ನ ಪಿಎಚ್ 4.5 ರಿಂದ 5.0 ರಷ್ಟಿದೆ. ಆದ್ದರಿಂದ ಪ್ರಬಂಧದಲ್ಲಿ "ಗಡ್ಡೆಯ ಆಮ್ಲೀಯತೆಗೆ ಸ್ಪಂದಿಸುತ್ತದೆ" ಎಂದು ಬರೆಯದೆ, "ಜೀವಕೋಶದೊಳಗೆ ಹೊಕ್ಕ ಮೇಲೆ ಲೈಸೋಸೋಮ್‌ನಲ್ಲಿ ಬಿಚ್ಚಿಕೊಳ್ಳುತ್ತದೆ" ಎಂದು ಬರೆಯಿರಿ, ಮತ್ತು 6.8 ರಲ್ಲಿಯೂ ಅಳೆದು ಆ ರೇಖೆಯನ್ನು ಮುಚ್ಚಿಡದೆ ತೋರಿಸಿರಿ.

ಇದಕ್ಕಿಂತ ನನಗೆ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ಡಾಕ್ಸೋರುಬಿಸಿನ್‌ನಲ್ಲಿ ಅಮೀನ್ ಗುಂಪು ಇದೆ. ಆಮ್ಲದಲ್ಲಿ ಅದು ಪೂರ್ತಿ ಪ್ರೋಟಾನ್ ಪಡೆದು, ಔಷಧವು ನೀರಿನಲ್ಲಿ ತಾನೇ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಪಿಎಚ್‌ಗೆ ಸ್ಪಂದಿಸುವ ಯಾವ ಬಂಧವೂ ಇಲ್ಲದ ಸಾದಾ ಮೈಸೆಲ್‌ನಿಂದಲೂ 5.0 ರಲ್ಲಿ ಅದು ಬೇಗ ಹೊರಬರಬಹುದು. ಹೈಡ್ರಜೋನ್ ಇರುವ ಜಾಗದಲ್ಲಿ ಆಮ್ಲಕ್ಕೆ ಸುಲಭವಾಗಿ ಮುರಿಯದ ಅಮೈಡ್ ಬಂಧವಿರುವ, ಉಳಿದದ್ದೆಲ್ಲ ಒಂದೇ ಆಗಿರುವ ಪಾಲಿಮರ್‌ನ ಮೈಸೆಲ್ ಮಾಡಿ ಅದೇ ಪ್ರಯೋಗವನ್ನು ಪುನಃ ಮಾಡಿದಾಗ ಮಾತ್ರ, ಬಿಡುಗಡೆಗೆ ಬಂಧ ಮುರಿದದ್ದು ಕಾರಣವೋ ಔಷಧದ ಸ್ವಭಾವ ಕಾರಣವೋ ಎಂಬುದು ತಿಳಿಯುತ್ತದೆ. ಹಾಗೆಯೇ ಮೈಸೆಲ್ ಇಲ್ಲದ ಬರೀ ಔಷಧವನ್ನೂ ಚೀಲದಲ್ಲಿಟ್ಟು ನೋಡಬೇಕು, ಏಕೆಂದರೆ ಚೀಲದ ಪೊರೆಯೇ ಸ್ವಲ್ಪ ತಡೆ ಒಡ್ಡುತ್ತದೆ. ಈ ಎರಡು ಕಂಟ್ರೋಲ್‌ಗಳಿಲ್ಲದ ಬಿಡುಗಡೆ ರೇಖೆಯನ್ನು ನಾನಂತೂ ಒಪ್ಪುವುದಿಲ್ಲ.

ಡೈಸಲ್ಫೈಡ್ ವಿಷಯದಲ್ಲಿ ದೇಹವೇ ಹೆಚ್ಚು ಉದಾರವಾಗಿದೆ. ಗ್ಲುಟಾಥಯೋನ್ ಜೀವಕೋಶದ ಹೊರಗೆ ಕೆಲವೇ ಮೈಕ್ರೋಮೋಲಾರ್ ಇದ್ದರೆ, ಒಳಗೆ 1 ರಿಂದ 10 ಮಿಲಿಮೋಲಾರ್ ಇರುತ್ತದೆ. ಅಂದರೆ ನೂರಾರು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಅಂತರ.

ರಕ್ತದಲ್ಲಿ ಕರಗಿಹೋಗುವ ಭಯ ಸರಿಯಾದದ್ದೇ. ಸಿಎಂಸಿಗಿಂತ (ಮೈಸೆಲ್ ಕಟ್ಟಲು ಬೇಕಾದ ಕನಿಷ್ಠ ಸಾಂದ್ರತೆ) ಕೆಳಗೆ ತೆಳುವಾದರೆ ಯಾವ ಮೈಸೆಲ್ ಆದರೂ ಬಿಡಿ ಅಣುಗಳಾಗಿ ಚದುರುತ್ತದೆ. ಸೋಡಿಯಂ ಲಾರಿಲ್ ಸಲ್ಫೇಟ್‌ನ ಸಿಎಂಸಿ ಸುಮಾರು 8 ಮಿಲಿಮೋಲಾರ್. 5 ಮಿಲಿಲೀಟರ್ ಚುಚ್ಚುಮದ್ದು ಸುಮಾರು 5 ಲೀಟರ್ ರಕ್ತದಲ್ಲಿ ಬೆರೆತರೆ ಸಾವಿರ ಪಟ್ಟು ತೆಳುವಾಗುವುದರಿಂದ ಅಂಥದ್ದು ನಿಲ್ಲಲಾರದು. ಪಾಲಿಮರ್‌ಗಳ ಸಿಎಂಸಿ ಮೈಕ್ರೋಮೋಲಾರ್ ಮಟ್ಟಕ್ಕೆ ಇಳಿಯುವುದರಿಂದಲೇ ಅವುಗಳಿಗೆ ಈ ಕೆಲಸ ಒಪ್ಪಿಸಿರುವುದು. ಆದರೂ ಆಲ್ಬುಮಿನ್ ಮೊದಲಾದ ಪ್ರೋಟೀನ್‌ಗಳು ಔಷಧವನ್ನು ಎಳೆದುಕೊಳ್ಳುತ್ತವೆ. ಬರೀ ಬಫರ್‌ನಲ್ಲಿ ಅಲ್ಲದೆ ಸೀರಮ್ ಬೆರೆಸಿದ ದ್ರಾವಣದಲ್ಲಿಯೂ ಒಮ್ಮೆ ಅಳೆಯಿರಿ.

ಉತ್ತರ: ಔಷಧ ತಯಾರಿಕೆಯಲ್ಲಿ ಕೆಲಸ ಮಾಡಿದ ಫಾರ್ಮಸಿಸ್ಟ್, ವಿಜಯಪುರ

ತಾಪದ ಬಗ್ಗೆ ಮಾತ್ರ ಹೇಳುತ್ತೇನೆ. ಪೊಲಾಕ್ಸಮರ್ 407 ಎಂಬ ಪಾಲಿಮರ್ ಅನ್ನು ನೂರಕ್ಕೆ 18–20 ರಷ್ಟು ಪ್ರಮಾಣದಲ್ಲಿ ತಣ್ಣೀರಿನಲ್ಲಿ ಕರಗಿಸಿದರೆ ಫ್ರಿಜ್‌ನಲ್ಲಿ ನೀರಿನಂತಿರುತ್ತದೆ, ಮೈಯ ತಾಪದಲ್ಲಿ ಮೈಸೆಲ್‌ಗಳು ಒತ್ತೊತ್ತಾಗಿ ಕೂಡಿ ಜೆಲ್ ಆಗುತ್ತದೆ. ಪುಸ್ತಕದಲ್ಲಿ ಇದು ಬಹಳ ಸೊಗಸು. ಆದರೆ ನಮ್ಮ ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ತಾಪವೇ 40 ಡಿಗ್ರಿ ಮುಟ್ಟುತ್ತದೆ. ಪಿಎನ್‌ಐಪಿಎಎಂ ಪಾಲಿಮರ್ ತನ್ನ ರೂಪ ಬದಲಿಸುವುದು ಸುಮಾರು 32 ಡಿಗ್ರಿಯಲ್ಲಿ. ಇಂಡಿ, ಸಿಂದಗಿ ಕಡೆಯ ಅಂಗಡಿಗಳಲ್ಲಿ ಕರೆಂಟ್ ಹೋದ ಮಧ್ಯಾಹ್ನ ಇಂಥ ಔಷಧ ರೋಗಿಯ ಮೈಯನ್ನು ತಲುಪುವ ಮೊದಲು ಬಾಟಲಿಯಲ್ಲಿಯೇ ಗಟ್ಟಿಯಾಗುತ್ತದೆ. ತಣ್ಣಗಾದರೆ ಪೊಲಾಕ್ಸಮರ್ ಮತ್ತೆ ದ್ರವವಾಗುತ್ತದೆ ನಿಜ, ಪೊಲಾಕ್ಸಮರ್ 188 ಬೆರೆಸಿ ಜೆಲ್ ಆಗುವ ತಾಪವನ್ನು ಮೇಲಕ್ಕೆ ಏರಿಸಲೂ ಬರುತ್ತದೆ. ಆದರೆ ಮೈಯ 37 ಕ್ಕೂ ಉಗ್ರಾಣದ 40 ಕ್ಕೂ ನಡುವೆ ಆಟಕ್ಕೆ ಜಾಗವೇ ಉಳಿಯುವುದಿಲ್ಲ. ತಾಪವನ್ನೇ ಆರಿಸುವುದಾದರೆ ಸಂಗ್ರಹದ ಪ್ರಯೋಗವನ್ನು ಮೊದಲ ತಿಂಗಳಿನಲ್ಲಿಯೇ ಆರಂಭಿಸಿರಿ.

ಉತ್ತರ: ಔಷಧಶಾಸ್ತ್ರ ಬೋಧಿಸುವ ವೈದ್ಯೆ, ಬೆಳಗಾವಿ

ತಾಪವನ್ನು ಹೊರಗಿನಿಂದ ಕೊಡುವ ದಾರಿಯೂ ಒಂದಿತ್ತು. 40 ಡಿಗ್ರಿ ದಾಟಿದಾಗ ಪೊರೆ ಸಡಿಲಗೊಂಡು ಡಾಕ್ಸೋರುಬಿಸಿನ್ ಬಿಡುವ ಥರ್ಮೋಡಾಕ್ಸ್ ಎಂಬ ಲೈಪೋಸೋಮ್ ಅನ್ನು (ಕೊಬ್ಬಿನ ಪೊರೆಯ ಅತಿ ಸಣ್ಣ ಗುಳ್ಳೆ), ಯಕೃತ್ತಿನ ಗಡ್ಡೆಯನ್ನು ರೇಡಿಯೋ ತರಂಗದಿಂದ ಕಾಯಿಸುವ ಚಿಕಿತ್ಸೆಯ ಜೊತೆಗೆ 701 ರೋಗಿಗಳಲ್ಲಿ ಪರೀಕ್ಷಿಸಲಾಯಿತು. ನಿಗದಿಪಡಿಸಿದ್ದ ಮುಖ್ಯ ಗುರಿ ಈಡೇರಲಿಲ್ಲವೆಂದು 2013 ರಲ್ಲಿ ಪ್ರಕಟವಾಯಿತು. ಲೈಪೋಸೋಮ್ ಬಿಚ್ಚಿಕೊಳ್ಳುತ್ತಿತ್ತು, ರೋಗಿಗೆ ಅಷ್ಟೇ ಸಾಲದು. ಇನ್ನೊಂದು ಕಡೆ, 1995 ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಡಾಕ್ಸೋರುಬಿಸಿನ್ ತುಂಬಿದ ಲೈಪೋಸೋಮ್ ಆದ ಡಾಕ್ಸಿಲ್‌ನಲ್ಲಿ ಇಂಥ ಯಾವ ಪ್ರಚೋದನೆಯ ವ್ಯವಸ್ಥೆಯೂ ಇಲ್ಲ, ಅದು ಇಂದಿಗೂ ಬಳಕೆಯಲ್ಲಿದೆ. ಲ್ಯಾನ್ರಿಯೋಟೈಡ್ ಎಂಬ ಪೆಪ್ಟೈಡ್ ಔಷಧದಲ್ಲಿ ಬೇರೆ ವಾಹಕವೇ ಬೇಕಾಗಿಲ್ಲ: ಔಷಧದ ಅಣುಗಳೇ ನೀರಿನಲ್ಲಿ ಕೂಡಿ ನ್ಯಾನೋ ಕೊಳವೆಗಳಾಗುತ್ತವೆ, ಚರ್ಮದಡಿ ಆಳಕ್ಕೆ ಚುಚ್ಚಿದರೆ ನಾಲ್ಕು ವಾರಗಳ ಕಾಲ ನಿಧಾನವಾಗಿ ಬಿಡುಗಡೆಯಾಗುತ್ತವೆ. ಘಟಕಗಳು ಕಡಿಮೆಯಿದ್ದಷ್ಟೂ ಆಸ್ಪತ್ರೆಯವರೆಗಿನ ದಾರಿ ಸುಲಭವೆಂದು ನನ್ನ ಅನಿಸಿಕೆ.

ಪ್ರಶ್ನೆ ಕೇಳಿದವರು

ಸರ್, ಮೇಡಂ, ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಮೈಡ್ ಕಂಟ್ರೋಲ್ ಮಾಡದೆ ಮುಂದುವರಿಯುವುದಿಲ್ಲ. ಸಮಯ ಸಿಕ್ಕರೆ ಡೈಸಲ್ಫೈಡ್ ಇರುವ ಅಣುವನ್ನೂ ಮಾಡಬೇಕೆಂದಿದ್ದೇನೆ. ಗ್ಲುಟಾಥಯೋನ್ ಬೆರೆಸುವಾಗ ಗಮನಿಸಬೇಕಾದದ್ದು ಏನಾದರೂ ಇದೆಯೇ?

ಉತ್ತರ: ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಬೆಳಗಾವಿ

ಇದೆ. ತೆರೆದ ಬೀಕರ್‌ನಲ್ಲಿ 7.4 ರ ಬಫರ್‌ನಲ್ಲಿ ಬಿಟ್ಟರೆ ಗಾಳಿಯ ಆಮ್ಲಜನಕ ತಾಗಿ ಗ್ಲುಟಾಥಯೋನ್ ಉತ್ಕರ್ಷಣಗೊಳ್ಳುತ್ತದೆ, ಲೋಹದ ಅಯಾನುಗಳ ಅಂಶವಿದ್ದರೆ ಇನ್ನೂ ಬೇಗ. ಎರಡನೆಯ ದಿನಕ್ಕೆ ನೀವು ಅಂದುಕೊಂಡ 10 ಮಿಲಿಮೋಲಾರ್ ಅಲ್ಲಿ ಇರಲಾರದು. ಬಫರ್‌ನಿಂದ ನೈಟ್ರೋಜನ್ ಹಾಯಿಸಿ, ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎ ಸ್ವಲ್ಪ ಸೇರಿಸಿ, ಗ್ಲುಟಾಥಯೋನ್ ಹಾಕಿದ ಮೇಲೆ ಪಿಎಚ್ ಅನ್ನು ಮತ್ತೆ 7.4 ಕ್ಕೆ ತನ್ನಿರಿ, ಏಕೆಂದರೆ ಅದು ತಾನೇ ಆಮ್ಲ. ಜೊತೆಗೆ 10 ಮೈಕ್ರೋಮೋಲಾರ್ ಮಾತ್ರ ಇರುವ ಇನ್ನೊಂದು ಬಾಟಲಿಯನ್ನು ರಕ್ತದ ಸ್ಥಿತಿಗೆ ಹೋಲಿಕೆಯಾಗಿ ಇಡಿರಿ, ಮತ್ತು ಬಫರ್ ಅನ್ನು ಪ್ರತಿದಿನ ಹೊಸದಾಗಿ ತಯಾರಿಸಿಕೊಳ್ಳಿರಿ.